ತೋಟದ ಕೆರೆಗೆ ಕೋಡಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ಕಾಫಿ ತೋಟಗಳಲ್ಲಿ ಹೂವಿಗೆ ನೀರು ಹೊಡೆಯುವ ಕೆಲಸ ಮುಗಿದು, ಕೆರೆಗಳ ತಳ ಕಾಣತೊಡಗಿರುವ ಈ ಹೊತ್ತಿನಲ್ಲೇ ಈ ಪತ್ರ ಬರೆಯಲು ಕಾರಣವಿದೆ. ಮಣ್ಣಿನ ಏರಿಯೊಂದರ ಒಳಮೈಯನ್ನು ಕಣ್ಣಾರೆ ನೋಡಲು, ನೀರು ಬಿಡುವ ತೂಬನ್ನು ಬಿಚ್ಚಿ ಸರಿಪಡಿಸಲು, ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ಅಗಲಿಸಲು ವರ್ಷದಲ್ಲಿ ನಮಗೆ ಸಿಗುವುದು ಈಗಿನಿಂದ ಮಳೆಗಾಲ ಹಿಡಿಯುವವರೆಗಿನ ಕೆಲವೇ ವಾರಗಳು. ಜೂನ್ ಕಳೆದು ಕೆರೆ ತುಂಬಿದ ಮೇಲೆ ದೋಷ ಕಂಡರೂ ಮಾಡಬಹುದಾದದ್ದು ಬಹಳ ಕಡಿಮೆ. ಮಲೆನಾಡಿನ ಖಾಸಗಿ ತೋಟಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿಕೊಂಡಿರುವ ಸಣ್ಣ ನೀರಾವರಿ ಕೆರೆಗಳ ಸುರಕ್ಷತೆಯ ಬಗ್ಗೆ, ಅಂಥದೊಂದು ಕೆರೆಯ ಮಾಲೀಕನಾಗಿ, ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ನಾವು ಯಾರೂ ಇವನ್ನು ಅಣೆಕಟ್ಟು ಎಂದು ಕರೆಯುವುದಿಲ್ಲ. ತೋಟದ ಕೆರೆ ಎನ್ನುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಆದರೆ ಕೆರೆ ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ನೆಲವನ್ನು ಅಗೆದು ಮಾಡಿದ ಹೊಂಡದಲ್ಲಿ ನೀರು ನೆಲಮಟ್ಟಕ್ಕಿಂತ ಕೆಳಗಿರುತ್ತದೆ; ಅದು ತುಂಬಿದರೆ ಹೆಚ್ಚಾದ ನೀರು ಹೊರಚೆಲ್ಲುತ್ತದೆಯೇ ಹೊರತು ಇಡೀ ಹೊಂಡ ಎದ್ದು ಹೊರಡುವುದಿಲ್ಲ. ಎರಡು ಗುಡ್ಡಗಳ ನಡುವಿನ ಕೊರಕಲಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರಿನ ಸಂಗತಿ ಹಾಗಲ್ಲ. ಅಲ್ಲಿ ನೀರು ಕೆಳಗಿನ ಗದ್ದೆಗಿಂತ, ದಾರಿಗಿಂತ, ಎಷ್ಟೋ ಕಡೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಸೂರಿಗಿಂತ ಎತ್ತರದಲ್ಲಿ ನಿಂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮಣ್ಣು ಮಾತ್ರ. ಕಾನೂನು ಏನೇ ಕರೆಯಲಿ, ಗುಣದಲ್ಲಿ ಅದು ಅಣೆಕಟ್ಟೇ.

ಸಣ್ಣದು ಎಂಬ ಮಾತಿನ ಅಳತೆಯನ್ನೂ ಒಮ್ಮೆ ನೋಡಬೇಕು. ಒಂದು ಎಕರೆ ನೀರಿನ ಹರವು, ಸರಾಸರಿ ಎಂಟು ಅಡಿ ಆಳವಿರುವ ಕೆರೆಯಲ್ಲಿ ಸುಮಾರು ಒಂದು ಕೋಟಿ ಲೀಟರ್, ಅಂದರೆ ಹತ್ತು ಸಾವಿರ ಟನ್ ನೀರಿರುತ್ತದೆ. ಒಂದು ಎಕರೆ ರೊಬಸ್ಟಾ ಕಾಫಿಗೆ ಒಂದು ಇಂಚು ನೀರು ಕೊಡಲು ಒಂದು ಲಕ್ಷ ಲೀಟರ್ ಚಿಲ್ಲರೆ ಬೇಕಾಗುವುದರಿಂದ, ಹೂವಿಗೆ ಒಮ್ಮೆ, ಆಮೇಲೆ ಹದಿನೈದು ಇಪ್ಪತ್ತು ದಿನ ಬಿಟ್ಟು ಮತ್ತೊಮ್ಮೆ ಸ್ಪ್ರಿಂಕ್ಲರ್ ಹೊಡೆಯುವ ಬೆಳೆಗಾರನಿಗೆ ಇದು ದೊಡ್ಡ ಸಂಗ್ರಹವೇನೂ ಅಲ್ಲ. ಇನ್ನಷ್ಟು ಇದ್ದರೆ ಒಳ್ಳೆಯದು ಅನಿಸುವ ಅಳತೆ. ಆದರೆ ಏರಿ ಒಡೆದರೆ ಇದಿಷ್ಟೂ ನೀರು ಕೊರಕಲಿನ ಇಳಿಜಾರಿನಲ್ಲಿ, ಏರಿಯ ಮಣ್ಣು, ಕಲ್ಲು, ಬುಡಸಹಿತ ಕಿತ್ತ ಮರಗಳನ್ನೂ ಸೇರಿಸಿಕೊಂಡು, ಗಂಟೆಯೊಳಗೆ ಇಳಿದು ಹೋಗಿಬಿಡಬಹುದು. ಕೆಳಗೆ ಮಲಗಿದ್ದವರಿಗೆ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು.

ನನ್ನ ತೋಟದ ಕೆರೆಯನ್ನು ಕಟ್ಟಿಸಿದವರು ನನ್ನ ತಂದೆ. ಅವರು ಏರಿಯ ಎಡತುದಿಯಲ್ಲಿ, ಏರಿಯ ಮಣ್ಣನ್ನು ಮುಟ್ಟದಂತೆ ಗಟ್ಟಿ ನೆಲದಲ್ಲಿ ಕೋಡಿ ತೆಗೆಸಿದ್ದರು. ಅದು ಇಷ್ಟು ಅಗಲವೇಕೆ, ಅಷ್ಟು ಜಾಗ ದಂಡವಾಯಿತಲ್ಲ ಎಂದು ನಾನು ಅಂದುಕೊಂಡದ್ದುಂಟು. ಬೇಸಿಗೆಯಲ್ಲಿ ನೀರು ಸಾಲದಾದಾಗ ಏರಿಯನ್ನು ಮೂರು ಅಡಿ ಎತ್ತರಿಸಿದೆ. ಜೆಸಿಬಿಯವನು ಎರಡು ದಿನದಲ್ಲಿ ಒಣಮಣ್ಣನ್ನು ದೂಡಿ ಮೇಲೆ ಏರಿಸಿ, ಚಕ್ರವನ್ನು ಹತ್ತಾರು ಸಲ ಓಡಿಸಿ ಗಟ್ಟಿಯಾಯಿತು ಎಂದ, ನಾನೂ ನಂಬಿದೆ. ಕೋಡಿಯ ಬಾಯಿಗೆ ಮರಳಿನ ಮೂಟೆ ಪೇರಿಸಿ, ಹೆಚ್ಚುವರಿ ನೀರಿಗೆ ಒಂದು ಅಡಿಯ ಸಿಮೆಂಟ್ ಪೈಪ್ ಇಟ್ಟೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಕುಸಿದ ಆ ಮಳೆಯ ವಾರದಲ್ಲಿ, ಒಂದು ರಾತ್ರಿ ನೀರು ಏರಿಯ ತಲೆಗೆ ಒಂದು ಗೇಣಿನಷ್ಟು ಕೆಳಗೆ ಬಂದು ನಿಂತಿತ್ತು. ಪೈಪಿನ ಬಾಯಿಗೆ ಕಸ, ರೆಂಬೆ ಸಿಕ್ಕಿಕೊಂಡು ಅರ್ಧ ಮುಚ್ಚಿತ್ತು. ಲೈನಿನ ಮೂರು ಕುಟುಂಬಗಳನ್ನು ಮಕ್ಕಳು ಮರಿ ಸಹಿತ ಎಬ್ಬಿಸಿ ಶಾಲೆಗೆ ಕಳುಹಿಸಿ, ನಾಲ್ಕು ಜನ ಟಾರ್ಚ್ ಬೆಳಕಿನಲ್ಲಿ ಕೋಡಿಯ ಮೂಟೆಗಳನ್ನು ಒಂದೊಂದಾಗಿ ಕಿತ್ತೆವು. ನೀರು ಹಳೆಯ ಕೋಡಿಯಲ್ಲಿ ಹರಿದು ಬೆಳಗಿನ ಜಾವದ ಹೊತ್ತಿಗೆ ಎರಡು ಅಡಿ ಇಳಿಯಿತು. ನನ್ನ ತಂದೆ ಬಿಟ್ಟುಹೋದ ಆ ಕೋಡಿ ಇಲ್ಲದಿದ್ದರೆ ಈ ಪತ್ರ ಬೇರೆಯೇ ಆಗಿರುತ್ತಿತ್ತು. ಆ ಮೂರು ಮನೆಗಳ ಮೇಲಿನ ಅಪಾಯವನ್ನು ತಂದಿಟ್ಟದ್ದು ಮಳೆಯಲ್ಲ, ನಾನು.

ಆ ನಂತರ ಲೆಕ್ಕ ಹಾಕಲು ಕುಳಿತೆ. ಲೆಕ್ಕ ಕಷ್ಟದ್ದೇನಲ್ಲ, ಪ್ರತಿ ತೋಟದಲ್ಲೂ ಮಳೆಮಾಪಕವಿದೆ. ಕೆರೆಗೆ ನೀರು ಬರುವ ಪ್ರದೇಶ 50 ಎಕರೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ ಎರಡು ಇಂಚು ಮಳೆ ಸುರಿದರೆ ಅಷ್ಟು ಜಾಗದ ಮೇಲೆ ಬೀಳುವ ನೀರು ಒಂದು ಕೋಟಿ ಲೀಟರ್. ನೆಲ ಮೊದಲೇ ನೆನೆದು ಹೊಟ್ಟೆ ತುಂಬಿದ ಆಗಸ್ಟ್‌ನಲ್ಲಿ ಅದರ ಅರ್ಧ ಹರಿದು ಬಂದರೂ ಕೆರೆಗೆ ಸೆಕೆಂಡಿಗೆ ಸುಮಾರು 1,400 ಲೀಟರ್ ನೀರು ಬರುತ್ತದೆ. ಒಂದು ಅಡಿಯ ಪೈಪ್, ಬಾಯಿ ಪೂರ್ತಿ ತೆರೆದಿದ್ದರೂ, ಮೂರಡಿ ನೀರಿನ ಒತ್ತಡದಲ್ಲಿ ಸೆಕೆಂಡಿಗೆ 200 ಲೀಟರ್ ಕೂಡ ಹೊರಗೆ ಹಾಕಲಾರದು. ಉಳಿದದ್ದು ಏರಿಯ ತಲೆಯ ಮೇಲೆಯೇ ದಾರಿ ಹುಡುಕಬೇಕು. ಅದೇ ನೀರನ್ನು ಒಂದು ಅಡಿ ದಪ್ಪದಲ್ಲಿ ಕೋಡಿಯ ಮೇಲೆ ಹರಿಸಿ ಕಳುಹಿಸಬೇಕಾದರೆ ಕೋಡಿ ಹದಿನಾರು ಅಡಿಗೆ ಕಡಿಮೆಯಿಲ್ಲದಷ್ಟು ಅಗಲವಿರಬೇಕು, ಹಾಗೆ ಹರಿಯುವಾಗಲೂ ನೀರಿನ ಮಟ್ಟಕ್ಕಿಂತ ಏರಿಯ ತಲೆ ಎರಡು ಮೂರು ಅಡಿ ಮೇಲಿರಬೇಕು. ತಂದೆಯವರ ಕೋಡಿ ಹದಿನೆಂಟು ಅಡಿ ಇತ್ತು. ಅವರು ಈ ಲೆಕ್ಕ ಮಾಡಿದ್ದರೋ, ಹಳ್ಳದ ಹಳೆಯ ನೆರೆಯ ಗುರುತು ನೋಡಿ ನಿರ್ಧರಿಸಿದ್ದರೋ ಕೇಳಲು ಈಗ ಅವರಿಲ್ಲ.

ಮಣ್ಣಿನ ಏರಿ ತನ್ನ ತಲೆಯ ಮೇಲೆ ನೀರು ಹರಿಯುವುದನ್ನು ಸಹಿಸುವುದಿಲ್ಲ ಎಂಬುದು ಈ ಇಡೀ ವಿಷಯದ ಬುಡ. ಕಲ್ಲಿನ ಕಟ್ಟೆಯ ಮೇಲೆ ನೀರು ಉಕ್ಕಿದರೂ ಅದು ಬಹಳ ಹೊತ್ತು ತಡೆದುಕೊಂಡೀತು. ಮಣ್ಣಿನ ಏರಿಯ ಹೊರಮೈ ಮೇಲೆ ನೀರು ಇಳಿಯತೊಡಗಿದರೆ ಮೊದಲು ಒಂದು ಕೊರೆತ, ಆಮೇಲೆ ಅದರ ತುದಿಯಿಂದ ಮೇಲಕ್ಕೆ ಕಚ್ಚುತ್ತ ಹೋಗುವ ಕಂದಕ, ಕೊನೆಗೆ ಬಾಯಿ. ಆದ್ದರಿಂದಲೇ ನಮ್ಮ ಹಿರಿಯರ ಕೆರೆಗಳಲ್ಲಿ ಏರಿಯಷ್ಟೇ ಮುಖ್ಯ ಸ್ಥಾನ ಕೋಡಿಗಿತ್ತು. ಕೆರೆ ಕೋಡಿ ಬಿತ್ತು ಎಂದರೆ ಊರಿಗೆ ಸಂಭ್ರಮ, ಏರಿ ಬಿರಿಯಿತು ಎಂದರೆ ಊರಿಗೆ ದುಃಖ. ಈ ಎರಡರ ನಡುವಿನ ಅಂತರವನ್ನು ಕಾಯುತ್ತಿದ್ದವನು ನೀರುಗಂಟಿ. ತೋಟದ ಕೆರೆಗಳಿಗೆ ನೀರುಗಂಟಿ ಇಲ್ಲ. ಮೋಟರ್ ಹಾಕಲು, ಆರಿಸಲು ಹೋಗುವ ಒಬ್ಬ ಆಳು ಇರುತ್ತಾನೆ. ಏರಿಯ ಹೊರಪಾದದಲ್ಲಿ ಏನು ನೋಡಬೇಕೆಂದು ಅವನಿಗೆ ನಾವು ಹೇಳಿಕೊಟ್ಟಿರುವುದಿಲ್ಲ.

ನೋಡಬೇಕಾದ್ದು ಮುಖ್ಯವಾಗಿ ಜಿನುಗು ನೀರು. ಮಣ್ಣಿನ ಏರಿ ಎಂದಮೇಲೆ ಸ್ವಲ್ಪ ಜಿನುಗು ಇದ್ದೇ ಇರುತ್ತದೆ, ತಿಳಿಯಾಗಿದ್ದು ವರ್ಷದಿಂದ ವರ್ಷಕ್ಕೆ ಅಷ್ಟೇ ಇದ್ದರೆ ಗಾಬರಿಯಾಗಬೇಕಿಲ್ಲ. ಜಿನುಗು ಹೆಚ್ಚಾದರೆ, ಅದಕ್ಕಿಂತ ಮಿಗಿಲಾಗಿ ನೀರು ಕೆಂಪಾಗಿ, ಮಣ್ಣು ಕಲಸಿಕೊಂಡು ಬಂದರೆ, ಏರಿಯ ಹೊಟ್ಟೆಯೊಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ, ಒಳಗೆ ಸುರಂಗ ಬೆಳೆಯುತ್ತಿದೆ ಎಂದೇ ಅರ್ಥ. ಈ ಸುರಂಗಕ್ಕೆ ದಾರಿ ಮಾಡಿಕೊಡುವ ಕೆಲಸಗಳಲ್ಲಿ ಹೆಚ್ಚಿನವನ್ನು ನಾವೇ ಮಾಡುತ್ತೇವೆ. ಏರಿಯ ಮೇಲೆ ಸಿಲ್ವರ್ ಓಕ್ ನೆಡುತ್ತೇವೆ. ಬೆಲೆ ಬಂದಾಗ ಕಡಿದು ಮಾರುತ್ತೇವೆ. ಬೇರು ಒಳಗೇ ಕೊಳೆತು ಟೊಳ್ಳು ಕೊಳವೆಯಾಗಿ ಉಳಿಯುತ್ತದೆ. ಏರಿಯನ್ನು ಸೀಳಿ ಪೈಪ್ ಹೂಳುತ್ತೇವೆ. ಪೈಪಿನ ಅಡಿಯ ಮತ್ತು ಪಕ್ಕದ ಮಣ್ಣನ್ನು ಕೈಯಿಂದ ದಮ್ಮಸು ಮಾಡದೆ ಮುಚ್ಚುತ್ತೇವೆ. ನೀರು ಪೈಪಿನ ಒಳಗಲ್ಲ, ಅದರ ಹೊರಮೈಯನ್ನು ಹಿಡಿದುಕೊಂಡು ಹೊರಡುತ್ತದೆ. ಮುಳ್ಳುಹಂದಿ, ಹೆಗ್ಗಣ, ಏಡಿಗಳ ಬಿಲವಂತೂ ಇದ್ದದ್ದೇ, ಹುತ್ತವೂ ಹಾಗೆಯೇ. ಹೊರಮೈಯಲ್ಲಿ ಲಾಂಟಾನ, ಪೊದೆ ಬೆಳೆಯಲು ಬಿಟ್ಟರೆ ಇವು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಏರಿಯ ಮೇಲೆ ಹುಲ್ಲು ಮಾತ್ರ ಇರಬೇಕು.

ಬೆಳೆಗಾರರು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿಯಿದೆ. ತುಂಬಿದ ಕೆರೆಯ ಏರಿಯ ಒಳಮೈ ನೀರು ಕುಡಿದು ಭಾರವಾಗಿರುತ್ತದೆ, ಎದುರಿನ ನೀರಿನ ಒತ್ತಡ ಅದಕ್ಕೆ ಊರೆಗೋಲಿನಂತೆ ಇರುತ್ತದೆ. ಹೂವಿನ ಕಾಲದಲ್ಲಿ ಎರಡು ಮೂರು ದೊಡ್ಡ ಮೋಟರ್ ಹಚ್ಚಿ ನಾಲ್ಕೈದು ದಿನದಲ್ಲಿ ಕೆರೆಯನ್ನು ಬರಿದು ಮಾಡಿದಾಗ, ಮಣ್ಣಿನೊಳಗಿನ ನೀರು ಅಷ್ಟು ಬೇಗ ಹೊರಬರಲಾಗದೆ, ಊರೆಗೋಲು ತಪ್ಪಿದ ಒಳಮೈ ಹೋಳುಹೋಳಾಗಿ ಜಾರುತ್ತದೆ. ಏರಿ ಕಡಿದಾಗಿದ್ದಷ್ಟೂ ಜಾರುವುದು ಸುಲಭ. ಒಂದು ಅಡಿ ಎತ್ತರಕ್ಕೆ ಒಳಗಡೆ ಮೂರು ಅಡಿ, ಹೊರಗಡೆ ಎರಡು ಅಡಿ ಓರೆ ಬಿಡಬೇಕು ಎಂಬುದು ಸಣ್ಣ ಏರಿಗಳಿಗೆ ಸಾಮಾನ್ಯವಾಗಿ ಹೇಳುವ ಅಳತೆ. ಜೆಸಿಬಿ ದೂಡಿದ ಮಣ್ಣು ತಾನಾಗಿ ನಿಲ್ಲುವ ಓರೆ ಒಳಗಡೆಗೆ ಹೇಳಿದ ಅಳತೆಯ ಅರ್ಧವೂ ಇರುವುದಿಲ್ಲ. ಬೇಸಿಗೆಯ ಆ ಜಾರಿಕೆಯಿಂದ ತಕ್ಷಣಕ್ಕೆ ಅಪಾಯ ಕಾಣದು, ಕೆರೆ ಖಾಲಿಯಿರುತ್ತದಲ್ಲ. ತೆಳ್ಳಗಾದ ಅದೇ ಏರಿ ಆಗಸ್ಟ್‌ನಲ್ಲಿ ತುಂಬಿದ ನೀರನ್ನು ಹೊರಬೇಕು.

ಹೊಸ ಏರಿ ಹಳೆಯದಕ್ಕಿಂತ ಗಟ್ಟಿ ಎಂಬ ನಂಬಿಕೆಯೂ ತಪ್ಪು. ಮಣ್ಣಿನ ಕಟ್ಟೆಗಳು ಮೊದಲ ಸಲ ತುಂಬುವಾಗ ಮತ್ತು ನಂತರದ ಕೆಲವು ವರ್ಷಗಳಲ್ಲಿಯೇ ಹೆಚ್ಚು ಒಡೆಯುತ್ತವೆ. ಹದವಾದ ತೇವದಲ್ಲಿ, ಅರ್ಧ ಮುಕ್ಕಾಲು ಅಡಿಯ ಪದರಗಳಾಗಿ ಹರಡಿ, ಪ್ರತಿ ಪದರವನ್ನೂ ರೋಲರ್‌ನಿಂದ ಒತ್ತಿ, ಬುಡದಲ್ಲಿ ಗಟ್ಟಿ ನೆಲ ಸಿಗುವವರೆಗೆ ಕಾಲುವೆ ತೋಡಿ ಜೇಡಿಮಣ್ಣು ತುಂಬಬೇಕು. ಇವನ್ನೆಲ್ಲ ಮಾಡದೆ ಎಬ್ಬಿಸಿದ ಏರಿ ಹೊರಗಿನಿಂದ ನೋಡಲು ಏರಿಯಂತೆಯೇ ಕಾಣುತ್ತದೆ, ಅಷ್ಟೆ.

ಇದು ಬರಿಯ ಊಹೆಯ ಭಯವಲ್ಲ. ಕೀನ್ಯಾ ದೇಶದ ನಕುರು ಕೌಂಟಿಯ ಸೊಲಾಯ್ ಎಂಬಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ಎಸ್ಟೇಟ್ ಒಂದರ ಮಣ್ಣಿನ ನೀರಾವರಿ ಅಣೆಕಟ್ಟು ಭಾರಿ ಮಳೆಗೆ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು ಮತ್ತು ಹೆಂಗಸರು. ಅಣೆಕಟ್ಟಿಗೆ ಬೇಕಾದ ಪರವಾನಗಿಯೇ ಇರಲಿಲ್ಲ ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದು ಒಡೆದ ಮೇಲೆ. ಹವಾಯಿಯ ಕೌವಾಯ್ ದ್ವೀಪದಲ್ಲಿ ಕಬ್ಬಿನ ತೋಟಗಳಿಗೆ ನೀರುಣಿಸಲು 1890ರಲ್ಲಿ ಕಟ್ಟಿದ್ದ ಕಾ ಲೋಕೊ ಎಂಬ ಮಣ್ಣಿನ ಅಣೆಕಟ್ಟು, ಖಾಸಗಿ ಒಡೆತನದಲ್ಲಿದ್ದಾಗ, ವಾರಗಟ್ಟಲೆ ಸುರಿದ ಮಳೆಯ ನಂತರ 2006ರ ಮಾರ್ಚ್ 14ರ ಬೆಳಗಿನ ಜಾವ ಒಡೆದು ಏಳು ಜನರನ್ನು ಬಲಿ ತೆಗೆದುಕೊಂಡಿತು. ಸರ್ಕಾರಿ ದಾಖಲೆಯಲ್ಲಿ ಅದು ಅಪಾಯ ಕಡಿಮೆ ಇರುವ ಅಣೆಕಟ್ಟು ಎಂದೇ ನಮೂದಾಗಿತ್ತು, ಸರ್ಕಾರದವರು ಅದನ್ನು ಪರಿಶೀಲಿಸಿರಲಿಲ್ಲ. ಅದರ ಕೋಡಿಯನ್ನು ಮಣ್ಣು ತುಂಬಿ ಮುಚ್ಚಲಾಗಿತ್ತೇ ಎಂಬುದೇ ಆಮೇಲಿನ ತನಿಖೆ, ಮೊಕದ್ದಮೆಗಳ ಮುಖ್ಯ ಪ್ರಶ್ನೆಯಾಯಿತು. ನನ್ನ ಮರಳಿನ ಮೂಟೆಗಳನ್ನು ನೆನೆದಾಗ ಈ ಪ್ರಕರಣವೇ ನನ್ನ ಕಣ್ಣ ಮುಂದೆ ಬರುತ್ತದೆ.

ಅಮೆರಿಕದ ಜಾನ್ಸ್‌ಟೌನ್ ಪಟ್ಟಣದ ಮೇಲ್ಗಡೆಯಿದ್ದ ಸೌತ್ ಫೋರ್ಕ್ ಅಣೆಕಟ್ಟು ನೀರಾವರಿಯದ್ದೂ ಅಲ್ಲ, ಸಣ್ಣದೂ ಅಲ್ಲ. ಆದರೂ ಅದನ್ನಿಲ್ಲಿ ಹೇಳಬೇಕು. ಸಿರಿವಂತರ ಕ್ಲಬ್ ಒಂದರ ಒಡೆತನದಲ್ಲಿದ್ದ ಆ ಅಣೆಕಟ್ಟಿನಲ್ಲಿ, ಸಾಕಿದ ಮೀನು ಕೊಚ್ಚಿಹೋಗದಿರಲೆಂದು ಕೋಡಿಗೆ ಅಡ್ಡಲಾಗಿ ಜಾಲರಿ ಹಾಕಿದ್ದರು; ಕೆಳಗಿನಿಂದ ನೀರು ಬಿಡುವ ಪೈಪುಗಳನ್ನು ಅದಕ್ಕೂ ಮೊದಲೇ ಕಿತ್ತು ಗುಜರಿಗೆ ಮಾರಲಾಗಿತ್ತು. 1889ರ ಮೇ 31ರಂದು ಅದು ಒಡೆದಾಗ ಸತ್ತವರು 2,209 ಮಂದಿ. ನಮ್ಮ ತೋಟದ ಕೆರೆಗಳಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ಕೋಡಿಗೆ ಬಲೆ ಕಟ್ಟುವವರು ಎಷ್ಟು ಜನರಿದ್ದಾರೆಂದು ಮಲೆನಾಡಿನಲ್ಲಿ ಓಡಾಡುವ ಯಾರಿಗಾದರೂ ಗೊತ್ತು. ಬಲೆಗೆ ಎಲೆ ಕಸ ಸಿಕ್ಕಿಕೊಂಡರೆ ಅದು ಬಲೆಯಲ್ಲ, ಗೋಡೆ.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮ ಕೆರೆಗಳನ್ನು ಕೇಳುವವರೇ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪರಿಶೀಲನೆ, ತುರ್ತು ಯೋಜನೆ ಮೊದಲಾದ ಮುಖ್ಯ ಏರ್ಪಾಡುಗಳೆಲ್ಲ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಅಥವಾ 10ರಿಂದ 15 ಮೀಟರ್ ಎತ್ತರವಿದ್ದು ಏರಿಯ ಉದ್ದ 500 ಮೀಟರ್, ಸಂಗ್ರಹ 10 ಲಕ್ಷ ಘನ ಮೀಟರ್ ಇಂಥ ಮಿತಿಗಳಲ್ಲಿ ಒಂದನ್ನಾದರೂ ಮುಟ್ಟುವ ಅಣೆಕಟ್ಟುಗಳಿಗೆ ಮೀಸಲು. ನಮ್ಮದು ಐದಾರು ಮೀಟರ್. 40 ಹೆಕ್ಟೇರ್‌ಗಿಂತ ದೊಡ್ಡ ಅಚ್ಚುಕಟ್ಟಿನ, ಅಂದರೆ ಅಷ್ಟು ಜಮೀನಿಗೆ ನೀರುಣಿಸುವ, ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಸಣ್ಣ ಸಾರ್ವಜನಿಕ ಕೆರೆಗಳು ಪಂಚಾಯತ್‌ರಾಜ್ ಸಂಸ್ಥೆಗಳಿಗೆ ಸೇರಿದವು. ತೋಟದೊಳಗಿನ ಕೆರೆ ಇವೆರಡಕ್ಕೂ ಸೇರದೆ, ಬೇಲಿಯ ಒಳಗಿನ ಸ್ವಂತ ಆಸ್ತಿಯಾಗಿ ಉಳಿದಿದೆ. ನೀರು ಮಾತ್ರ ಬೇಲಿಯ ಒಳಗೆ ಉಳಿಯುವುದಿಲ್ಲ.

ಬೇಲಿ ದಾಟಿದ ನೀರಿನ ಹೊಣೆ ಯಾರದ್ದು ಎಂಬ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಗಿರಣಿ ಮಾಲೀಕನೊಬ್ಬ ತನ್ನ ಜಮೀನಿನಲ್ಲಿ ಕಟ್ಟಿಸಿದ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ, ಮಾಲೀಕನ ಅಜಾಗರೂಕತೆ ಸಾಬೀತಾಗದಿದ್ದರೂ ನಷ್ಟಕ್ಕೆ ಅವನೇ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ಕೆಲವೇ ವರ್ಷಗಳಲ್ಲಿ, 1874ರಲ್ಲಿ, ಮದ್ರಾಸ್ ಪ್ರಾಂತ್ಯದ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲ್ವೆ ಕಂಪನಿಗೆ ಹಾನಿಯಾದ ಪ್ರಕರಣ ಬ್ರಿಟಿಷ್ ಆಳ್ವಿಕೆಯಲ್ಲಿ ಕೊನೆಯ ಮೇಲ್ಮನವಿಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂದಾಗ, ಆ ಕಟ್ಟುನಿಟ್ಟಿನ ನಿಯಮವನ್ನು ಅಲ್ಲಿ ಅನ್ವಯಿಸಲಿಲ್ಲ. ಈ ದೇಶದ ಕೆರೆಗಳು ಪುರಾತನ ಕಾಲದಿಂದ ಬಂದವು, ಸಾವಿರಾರು ರೈತರ ಬದುಕಿಗೆ ಬೇಕಾದವು, ಅವನ್ನು ಕಾಪಾಡಿಕೊಂಡು ಬರುವುದು ಜಮೀನ್ದಾರನ ಕರ್ತವ್ಯವೂ ಹೌದು ಎಂಬುದು ಅದಕ್ಕೆ ಕೊಟ್ಟ ಕಾರಣ. ನನ್ನ ಕೆರೆಗೆ ಆ ಕಾರಣದ ರಕ್ಷಣೆಯನ್ನು ಕೇಳುವ ಹಕ್ಕು ನನಗಿಲ್ಲ ಎಂದೇ ನಾನು ಭಾವಿಸುತ್ತೇನೆ. ಅದರ ನೀರು ಊರಿನ ಗದ್ದೆಗೆ ಹೋಗುವುದಿಲ್ಲ, ನನ್ನ ಕಾಫಿಗೆ, ನನ್ನ ಮೆಣಸಿಗೆ ಹೋಗುತ್ತದೆ. ಲಾಭ ಒಬ್ಬನದಾಗಿ, ಅಪಾಯ ಮಾತ್ರ ಕೆಳಗಿರುವ ಎಲ್ಲರದಾಗುವುದು ನ್ಯಾಯವಲ್ಲ. ಅದರಲ್ಲೂ ಲೈನ್ ಮನೆ ಎಲ್ಲಿ ಕಟ್ಟಬೇಕೆಂದು ನಿರ್ಧರಿಸಿದವರು ಅದರಲ್ಲಿ ವಾಸಿಸುವವರಲ್ಲ, ನಾವು.

ಕೆರೆ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಹೂಮಳೆ ಸಮಯಕ್ಕೆ ಬಾರದ ವರ್ಷಗಳಲ್ಲಿ ಕೆರೆಯಿಲ್ಲದ ರೊಬಸ್ಟಾ ತೋಟದ ಗತಿ ಏನೆಂದು ಬಲ್ಲೆ. ಪ್ರತಿ ಹೊಂಡಕ್ಕೂ ಪರವಾನಗಿ, ಪ್ರತಿ ಪರವಾನಗಿಗೂ ಕಚೇರಿ ಅಲೆದಾಟ ಎಂಬ ವ್ಯವಸ್ಥೆ ಬಂದರೆ ಅದರಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಒಂದು ಮಿತಿ ಹಾಕಿಕೊಂಡರೆ ಸಾಕು. ದಕ್ಷಿಣ ಆಫ್ರಿಕದಲ್ಲಿ 5 ಮೀಟರ್‌ಗಿಂತ ಎತ್ತರದ ಕಟ್ಟೆಯಿದ್ದು 50,000 ಘನ ಮೀಟರ್‌ಗಿಂತ ಹೆಚ್ಚು ನೀರು ಹಿಡಿಯುವ ಅಣೆಕಟ್ಟು ಯಾರ ಜಮೀನಿನಲ್ಲಿದ್ದರೂ ನೋಂದಾಯಿಸಬೇಕು. ವೇಲ್ಸ್‌ನಲ್ಲಿ 2016ರಿಂದ ನೆಲಮಟ್ಟಕ್ಕಿಂತ ಮೇಲೆ 10,000 ಘನ ಮೀಟರ್ ನೀರು ನಿಲ್ಲುವ ಜಲಾಶಯಗಳೂ ಕಾನೂನಿನೊಳಗೆ ಬಂದಿವೆ. ಮೇಲೆ ಹೇಳಿದ ಒಂದು ಎಕರೆಯ ಕೆರೆಯ ಅಳತೆ ಹೆಚ್ಚುಕಡಿಮೆ ಅದೇ. ನಮ್ಮಲ್ಲಿ ಏರಿ ಹದಿನೈದು ಅಡಿ ದಾಟಿದ, ಇಲ್ಲವೇ ಏರಿಯ ಕೆಳಗೆ ಜನವಾಸವಿರುವ ಖಾಸಗಿ ಕೆರೆಗಳ ಒಂದು ಪಟ್ಟಿಯನ್ನು ತಾಲ್ಲೂಕು ಮಟ್ಟದಲ್ಲಿ ಮಾಡಿ, ಏಪ್ರಿಲ್ ಮೇ ತಿಂಗಳಲ್ಲಿ ಸಣ್ಣ ನೀರಾವರಿ ಇಲಾಖೆಯ ಒಬ್ಬ ಎಂಜಿನಿಯರ್ ಪ್ರತಿ ಏರಿಯ ಮೇಲೆ ಒಮ್ಮೆ ನಡೆದು, ಕೋಡಿಯ ಅಗಲ, ಏರಿಯ ತಲೆಯ ಮಟ್ಟ, ಜಿನುಗು ಇಷ್ಟನ್ನು ಬರೆದಿಡುವ ಏರ್ಪಾಡಾಗಲಿ. ಅದಕ್ಕೆ ತಗಲುವ ಶುಲ್ಕವನ್ನು ಮಾಲೀಕರೇ ಕೊಡಲಿ. ತೋಟದ ನೀರಾವರಿಗೆ, ಕೆರೆಗೆ ಸಹಾಯಧನ ನೀಡುತ್ತ ಬಂದಿರುವ ಕಾಫಿ ಮಂಡಳಿಯು ಅರ್ಜಿಯಲ್ಲಿ ಕೋಡಿಯ ಅಳತೆಯನ್ನೂ, ಏರಿಯ ಕೆಳಗೆ ಎಷ್ಟು ಮನೆಗಳಿವೆ ಎಂಬುದನ್ನೂ ಕೇಳಲಿ. ಜೆಸಿಬಿ, ಹಿಟಾಚಿ ಮಾಲೀಕರಿಗೆ ಒಂದು ದಿನದ ತರಬೇತಿ ಕೊಟ್ಟರೂ ದೊಡ್ಡ ಉಪಕಾರ. ಇಂದು ಮಲೆನಾಡಿನ ಏರಿಗಳನ್ನು ಕಟ್ಟುತ್ತಿರುವ ನಿಜವಾದ ಎಂಜಿನಿಯರುಗಳು ಅವರೇ.

ಒಂದರ ಕೆಳಗೊಂದು ಕೆರೆಗಳಿರುವ ಕೊರಕಲುಗಳಲ್ಲಿ ಈ ಪಟ್ಟಿ ಇನ್ನೂ ತುರ್ತಿನದು. ಮೇಲಿನ ತೋಟದ ಏರಿ ಒಡೆದರೆ ಕೆಳಗಿನ ತೋಟದ ಕೆರೆ, ಎಷ್ಟೇ ಚೆನ್ನಾಗಿ ಕಟ್ಟಿದ್ದರೂ, ಆ ನೀರನ್ನು ತಾಳಲಾರದು. ಕಾ ಲೋಕೊದ ನೀರು ಕೂಡ ಕೆಳಗಿದ್ದ ಮತ್ತೊಂದು ಕಟ್ಟೆಯ ಮೇಲೆ ಹರಿದೇ ಮುಂದೆ ಹೋಗಿತ್ತು. ಮೇಲಿನ ತೋಟದಲ್ಲಿ ಕೆರೆಯಿದೆ ಎಂಬುದೇ ಗೊತ್ತಿಲ್ಲದ ಮಾಲೀಕರು ನಮ್ಮಲ್ಲಿದ್ದಾರೆ.

ನಾನು ಎತ್ತರಿಸಿದ ಮೂರು ಅಡಿ ಮಣ್ಣನ್ನು ತೆಗೆಸಿದ್ದೇನೆ. ಏರಿಯ ಮೇಲಿನ ಮರಗಳನ್ನು ಬೇರುಸಹಿತ ತೆಗೆದು, ಗುಂಡಿಗಳನ್ನು ಜೇಡಿಮಣ್ಣಿನಿಂದ ಪದರ ಪದರವಾಗಿ ತುಂಬಿ ಬಡಿಸಿದ್ದೇವೆ. ಕೋಡಿ ಈಗ ಮತ್ತೆ ಹದಿನೆಂಟು ಅಡಿ ಅಗಲವಿದೆ, ಅದರ ಬಾಯಿಗೆ ಕಲ್ಲು ಹಾಸಿದೆ. ಇದರಿಂದ ಬೇಸಿಗೆಯಲ್ಲಿ ನಾಲ್ಕು ಎಕರೆಯಷ್ಟು ತೋಟಕ್ಕೆ ನೀರು ಸಿಗದೆ ಉಳಿಯುತ್ತದೆ. ಮೂರು ಲೈನ್ ಮನೆಗಳಲ್ಲಿ ಎರಡನ್ನು ದಿಣ್ಣೆಯ ಮೇಲಕ್ಕೆ ಸ್ಥಳಾಂತರಿಸಿ ಕಟ್ಟಿಸಿದ್ದಾಗಿದೆ, ಮೂರನೆಯದು ಈ ಮಳೆಗಾಲದೊಳಗೆ ಮುಗಿಯಬೇಕು. ಇಲಾಖೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ ಅಂಥದೊಂದು ಪಟ್ಟಿ ಮಾಡಲು ಮುಂದಾದರೆ, ನನ್ನ ಕೆರೆಯ ಅಳತೆಗಳನ್ನು ಮೊದಲ ಪುಟದಲ್ಲೇ ಬರೆಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ